ಶಾಂತಿಯ ಲಾಂಛನದಲ್ಲಿ ಆಯುಧ ಎಲ್ಲಿದೆ ನೋಡಿ

ಲಾಂಛನ ಡಿಸೈನ್ ಮಾಡೋದು ನನ್ನ ಕೆಲಸ. ಯಾವ ಸಂಸ್ಥೆಯವ್ರು ಬಂದ್ರೂ "ಶಾಂತಿನೂ ಕಾಣ್ಬೇಕು, ಐಕ್ಯತೆನೂ ಕಾಣ್ಬೇಕು, ಒಂದು ಪಾರಿವಾಳ ಹಾಕ್ಬಿಡಿ" ಅಂತಾರೆ. ಪಾರಿವಾಳದ ಮೇಲೆ ನಂಗೇನೂ ತಕರಾರಿಲ್ಲ, ಬೈಬಲ್ಲಿನ ನೋಹನ ಕಥೆಯಲ್ಲಿ ಆಲಿವ್ ಎಲೆ ಕಚ್ಕೊಂಡು ಬಂದಾಗಿಂದ ಅದಕ್ಕೆ ದೊಡ್ಡ ಮರ್ಯಾದೆ ಇದೆ. ಆದ್ರೆ ಸೈಪ್ರಸ್ ನೋಡಿ. 1960ರಲ್ಲಿ ಸ್ವತಂತ್ರ ಆದಾಗ ಗುರಾಣಿ ಮೇಲೆ ಆಲಿವ್ ಕೊಂಬೆ ಹಿಡಿದ ಬಿಳಿ ಪಾರಿವಾಳನೇ ಇಟ್ಕೊಂಡ್ರು, 1963ರ ಕೊನೆಗೆ ಗ್ರೀಕ್ ಮತ್ತು ಟರ್ಕಿಶ್ ಸಮುದಾಯಗಳ ನಡುವೆ ಹೊಡೆದಾಟ ಶುರುವಾಗಿ 1974ರಲ್ಲಿ ದ್ವೀಪಾನೇ ಎರಡು ಭಾಗ ಆಯ್ತು. ಇದು ಚಿತ್ರದ ತಪ್ಪು ಅಂತ ನಾನು ಹೇಳ್ತಿಲ್ಲ. ಜಗಳ ಬಂದ್ರೆ ಏನ್ಮಾಡ್ಬೇಕು ಅನ್ನೋದಕ್ಕೆ ಆ ಚಿತ್ರದಲ್ಲಿ ಸುಳಿವೇ ಇಲ್ಲ, ಅಷ್ಟೇ. ಹಳೇ ಸಂಪ್ರದಾಯಗಳ ಚಿಹ್ನೆಗಳಲ್ಲಿ ನಾನು ಮೊದಲು ಹುಡುಕೋದು ಅದನ್ನೇ.

ಉತ್ತರ ಅಮೆರಿಕದ ಹೌಡೆನೊಸೌನಿ ಜನರನ್ನ ತಗೊಳ್ಳಿ, ಹೊರಗಿನವ್ರು ಇರೊಕ್ವಾ ಅಂತಿದ್ರು. ಮೊಹಾಕ್, ಒನೈಡಾ, ಒನೊಂಡಾಗಾ, ಕಯೂಗಾ, ಸೆನೆಕಾ, ಒಬ್ಬರ ಮೇಲೊಬ್ಬರು ಸೇಡು ತೀರಿಸ್ಕೊಳ್ತಾ ಇದ್ದ ಐದು ಜನಾಂಗಗಳನ್ನ ಶಾಂತಿದೂತ ಒಬ್ಬ ಒಂದು ಮಾಡಿದ ಅಂತ ಅವರ ಪರಂಪರೆ ಹೇಳುತ್ತೆ. ಅವರ ಶಾಂತಿಯ ಮರ ಬಿಳಿ ಪೈನ್, ಅದರ ಬುಡದಲ್ಲಿ ಎಲ್ಲರ ಆಯುಧಗಳನ್ನೂ ಹೂತರು, ತುದಿಯಲ್ಲಿ ಕಾವಲಿಗೆ ಒಂದು ಹದ್ದು ಕೂತಿದೆ. ಆ ಮರದ ಸೂಜಿ ಎಲೆಗಳು ಬರೋದೇ ಐದೈದರ ಗೊಂಚಲಲ್ಲಿ, ಎಷ್ಟು ಚೆನ್ನಾಗಿ ಹುಡುಕಿದ್ದಾರೆ ನೋಡಿ! ಇದನ್ನೇ ಚಿಪ್ಪಿನ ಮಣಿಗಳ ಪಟ್ಟಿಯಲ್ಲೂ ನೇಯ್ದಿದ್ದಾರೆ, ಅದಕ್ಕೆ ಹಯಾವಾಥ ಪಟ್ಟಿ ಅಂತಾರೆ. ಕಡು ನೇರಳೆ ನೆಲ, ನಡುವೆ ಬಿಳಿ ಮರ, ಅತ್ತ ಎರಡು ಇತ್ತ ಎರಡು ಚೌಕ, ಎಲ್ಲವನ್ನೂ ಸೇರಿಸೋ ಒಂದು ಬಿಳಿ ಗೆರೆ. ಆ ಗೆರೆ ಕೊನೇ ಚೌಕಕ್ಕೆ ನಿಲ್ಲಲ್ಲ, ಎರಡೂ ಕಡೆ ಪಟ್ಟಿಯ ಅಂಚಿನ ತನಕ ಹೋಗುತ್ತೆ, ಅಂದ್ರೆ ಬರೋರಿಗೆ ದಾರಿ ಬಿಟ್ಟಿದ್ದಾರೆ. 18ನೇ ಶತಮಾನದಲ್ಲಿ ಟಸ್ಕರೋರ ಜನ ಆರನೆಯವರಾಗಿ ಬಂದು ಸೇರಿದ್ರು. ಐಕ್ಯತೆ ಅಂದ್ರೆ ನಮ್ಮ ಕಾಲದ ಡಿಸೈನರ್‌ಗಳು ಬೇಲಿ ಹಾಕ್ದಂಗೆ ಒಂದು ವೃತ್ತ ಎಳೆದುಬಿಡ್ತೀವಿ, ಇಲ್ಲಿ ಬಾಗಿಲು ತೆಗೆದಿಟ್ಟಿದ್ದಾರೆ.

ದಕ್ಷಿಣ ಆಫ್ರಿಕಾದ್ದು ಹೊಸ ಲಾಂಛನ, 2000ದ ಏಪ್ರಿಲ್ 27ಕ್ಕೆ ಬಂತು. ಅದರಲ್ಲೂ ಆಯುಧ ಇದೆ, ಈಟಿ ಮತ್ತು ಗುಂಡುತಲೆಯ ದೊಣ್ಣೆ, ಆದ್ರೆ ಎರಡನ್ನೂ ಎತ್ತಿ ಹಿಡಿದಿಲ್ಲ, ಗುರಾಣಿಯ ಮೇಲ್ಗಡೆ ಅಡ್ಡ ಮಲಗಿಸಿದ್ದಾರೆ, ಹಾಗೆ ಮಲಗಿಸಿರೋದೇ ಶಾಂತಿಯ ಗುರುತು. ಗುರಾಣಿ ಒಳಗಿನ ಎರಡು ಮನುಷ್ಯಾಕೃತಿಗಳು ಲಿಂಟನ್ ಕಲ್ಲಿನ ಮೇಲಿನ ಖೋಯ್‌ಸಾನ್ ಚಿತ್ರದಿಂದ ಬಂದಿರೋದು. ಇಬ್ರೂ ಎದುರುಬದುರು ನಿಂತು ಒಬ್ಬರಿಗೊಬ್ಬರು ವಂದಿಸ್ತಿದ್ದಾರೆ. ನಾಡಿನ ಅತಿ ಹಳೆಯ ಜನರ ಕಲ್ಲುಚಿತ್ರವನ್ನ ತಂದು ಲಾಂಛನದ ನಟ್ಟನಡುವೆ ಇಟ್ಟಿದ್ದು ನಂಗೆ ತುಂಬಾ ದೊಡ್ಡ ವಿಷಯ ಅನ್ಸುತ್ತೆ.

ಘಾನಾದ ಅಕಾನ್ ಜನರ ಅಡಿಂಕ್ರ ಚಿಹ್ನೆಗಳಲ್ಲಿ ಎರಡು ತಲೆ, ಎರಡು ಬಾಲ, ಒಂದೇ ಹೊಟ್ಟೆಯ ಮೊಸಳೆ ಜೋಡಿ ಇದೆ, ತಿಂದಿದ್ದು ಸೇರೋದು ಒಂದೇ ಹೊಟ್ಟೆಗೆ ಆದ್ರೂ ಊಟಕ್ಕೆ ಕಿತ್ತಾಡ್ತವೆ. ಜಗಳ ಇರುತ್ತೆ ಅಂತ ಒಪ್ಕೊಂಡೇ ಬರೆದಿರೋ ಐಕ್ಯತೆಯ ಚಿತ್ರ ಇದು, ಇಷ್ಟು ಪ್ರಾಮಾಣಿಕವಾದ ಚಿತ್ರ ಬಹಳ ಅಪರೂಪ.

ಇನ್ನು ಸಾರನಾಥದ ಸಿಂಹಗಳು. 1950ರ ಜನವರಿ 26ಕ್ಕೆ ಭಾರತದ ಲಾಂಛನ ಆದ ಇವು ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕಿಗೂ ಮುಖ ಮಾಡಿ ಕೂತಿವೆ, ಹಾಳೆ ಮೇಲೆ ಮೂರೇ ಕಾಣೋದು. ಕಾಲ ಕೆಳಗೆ ಧರ್ಮಚಕ್ರ. ಇಷ್ಟು ಎಲ್ಲರಿಗೂ ಗೊತ್ತು, ಆದ್ರೆ ಈ ಸಿಂಹಗಳು ನಿಂತಿದ್ದ ಕಂಬದ ಮೇಲೆ ಅಶೋಕ ಏನು ಕೆತ್ತಿಸಿದ್ದ ಅಂತ ಕೇಳಿದ್ರೆ ಹೆಚ್ಚಿನವ್ರಿಗೆ ಗೊತ್ತಿರಲ್ಲ. ಬೌದ್ಧ ಸಂಘವನ್ನ ಯಾರೂ ಒಡೀಬಾರ್ದು, ಒಡೆಯೋ ಭಿಕ್ಷು ಇರ್ಲಿ ಭಿಕ್ಷುಣಿ ಇರ್ಲಿ, ಗೃಹಸ್ಥರ ಬಿಳಿ ಬಟ್ಟೆ ಉಡಿಸಿ ಹೊರಗಿಡಿ ಅನ್ನೋ ಕಟ್ಟುನಿಟ್ಟಿನ ಆಜ್ಞೆ ಅದು. ಅದರ ಒಂದು ಪ್ರತಿ ಉಪಾಸಕರ, ಅಂದ್ರೆ ಬುದ್ಧನ ದಾರಿ ಹಿಡಿದ ಗೃಹಸ್ಥರ ಹತ್ರನೂ ಇರ್ಬೇಕು, ಅವರು ಪ್ರತಿ ಉಪೋಸಥದ, ಅಂದ್ರೆ ಬೌದ್ಧರ ವ್ರತದ ದಿನ ಬಂದು ಅದನ್ನ ಮನಸ್ಸಿಗೆ ತಗೋಬೇಕು ಅಂತಾನೂ ಇದೆ. ಅಂದ್ರೆ ಮೇಲೆ ಸಿಂಹ, ಕೆಳಗೆ ಒಡಕಿಗೆ ಕಾನೂನು, ಎರಡೂ ಸೇರಿ ಒಂದೇ ಕೃತಿ. ಲಾಂಛನಕ್ಕೆ ತಗೊಂಡಾಗ ಕಮಲದ ಪೀಠವನ್ನೂ ಬಿಟ್ರು, ಕಂಬ ಹೇಗೂ ಬರಲ್ಲ. ಅದಕ್ಕೇ ನಾನು ಸ್ಟೂಡೆಂಟ್ಸ್‌ಗೆ ಲಾಂಛನದ ಜೊತೆ ಶಾಸನದ ಪಾಠವನ್ನೂ ಓದಿಸ್ತೀನಿ.

ಎಲ್ಲ ಕಡೆ ಆಯುಧ ಮಲಗಿದೆ ಅಂತಲ್ಲ. ಮೊಜಾಂಬಿಕ್‌ನ ಲಾಂಛನದಲ್ಲಿ ಪುಸ್ತಕದ ಜೊತೆ ಗುದ್ದಲಿ ಮತ್ತು ಎಕೆ-47 ಅಡ್ಡಡ್ಡವಾಗಿವೆ. ಹೋರಾಡಿ ಸ್ವಾತಂತ್ರ್ಯ ಪಡೆದವ್ರಿಗೆ ಆ ಕೋವಿ ಕಾವಲಿನ ಗುರುತು, ಅದನ್ನ ತೆಗೀಬೇಕು ಅನ್ನೋ ಒತ್ತಾಯ ದೇಶದ ಒಳಗೇ ಬಂದ್ರೂ ಉಳಿಸ್ಕೊಂಡಿದ್ದಾರೆ. ಅಲ್ಲಿನವ್ರ ನೋವು ಗೊತ್ತಿಲ್ಲದೆ ಹೊರಗಿನವ್ರು ಅದನ್ನ ತಪ್ಪು ಅನ್ನೋದು ಸರಿಯಲ್ಲ, ಆದ್ರೆ ನನ್ನನ್ನ ಕೇಳಿದ್ರೆ ಗುದ್ದಲಿ ಪುಸ್ತಕ ಎರಡೇ ಸಾಕಿತ್ತು.