ಹಳದಿ ಕಾರ್ಡಿಗೆ ಹಿಂದಿನ ತಾರೀಖು ಹಾಕಲ್ಲ

ಈ ಬೇಸಿಗೆಯಲ್ಲಿ ಇವರು ನಾಲ್ಕನೆಯವರು. ರಾತ್ರಿ ಎಂಟೂವರೆ, ದಾವಣಗೆರೆ ಪಿ.ಜೆ. ಬಡಾವಣೆಯ ನನ್ನ ಕ್ಲಿನಿಕ್ಕಿನ ಷಟರ್ ಅರ್ಧ ಇಳಿಸಿ ಆಗಿತ್ತು. ಬಗ್ಗಿ ಒಳಗೆ ಬಂದರು, ಅಪ್ಪ ಮತ್ತು ಮಗ. ಮಗನಿಗೆ ನೈಜೀರಿಯಾದ ಲಾಗೋಸ್‌ನಲ್ಲಿ ಕೆಲಸ ಸಿಕ್ಕಿದೆ.

"ನಾಡಿದ್ದು ಫ್ಲೈಟ್ ಐತಿ ಸಾರ್. ಅದೇನೋ ಹಳದಿ ಕಾರ್ಡ್ ಅಂತಾರಲ್ಲ, ಅದೊಂದು ಬೇಕಿತ್ತು. ಹತ್ತು ದಿನ ಹಿಂದಿನ ಡೇಟ್ ಹಾಕಿ ಕೊಟ್ಬಿಡ್ರಿ."

"ಇಂಜೆಕ್ಷನ್ನು?"

"ಅದನ್ನ ಅಲ್ಲಿ ಹೋಗಿ ಹಾಕಿಸ್ಕೊಂತಾನೆ ಬಿಡ್ರಿ."

ಹಳದಿ ಕಾರ್ಡೆಂದರೆ, ಸೊಳ್ಳೆಯಿಂದ ಹರಡುವ ಹಳದಿ ಜ್ವರಕ್ಕೆ (ಯೆಲ್ಲೋ ಫೀವರ್) ಲಸಿಕೆ ಹಾಕಿಸಿಕೊಂಡದ್ದಕ್ಕೆ ಪುರಾವೆ. ಆ ಲಸಿಕೆಯನ್ನು ನಾನು ಹಾಕುವಂತಿಲ್ಲ, ಕಾರ್ಡನ್ನೂ ಕೊಡುವಂತಿಲ್ಲ. ಕೇಂದ್ರ ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಷ್ಟೇ ಅದು ಸಿಗುವುದು. ಅಂಥ ಕೇಂದ್ರಕ್ಕೇ ಹೋಗಬೇಕು. ಇಷ್ಟನ್ನು ಹೇಳಿ ಕಳಿಸಬಹುದಿತ್ತು. ಆದರೆ ಅಪ್ಪ ಎದ್ದು ನಿಲ್ಲುತ್ತಾ, "ಈ ಡಬ್ಲ್ಯುಎಚ್‌ಒನವರ ಕಾಟ ಸಾರ್, ಲಾಕ್‌ಡೌನ್ ಮಾಡ್ಸಿದ್ದೂ ಅವರೇ" ಎಂದರು. ಅದಕ್ಕೇ ಈ ಅಂಕಣ.

ಜಿನೀವಾದಲ್ಲಿ ಕೂತ ಡಬ್ಲ್ಯುಎಚ್‌ಒಗೆ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಗೆ, ಪೊಲೀಸರಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ಲಾಕ್‌ಡೌನ್ ಮಾಡಿದ್ದು ಆಯಾ ದೇಶದ ಸರ್ಕಾರ. 2025ರ ಮೇ ತಿಂಗಳಲ್ಲಿ ಸದಸ್ಯ ದೇಶಗಳು ಒಪ್ಪಿದ ಸಾಂಕ್ರಾಮಿಕ ಒಪ್ಪಂದದಲ್ಲಂತೂ, ಲಾಕ್‌ಡೌನ್ ಮಾಡಿ, ಲಸಿಕೆ ಕಡ್ಡಾಯ ಮಾಡಿ ಎಂದು ಆಜ್ಞಾಪಿಸುವ ಅಧಿಕಾರ ಈ ಸಂಸ್ಥೆಗೆ ಇಲ್ಲ ಎಂದು ಬಿಡಿಸಿಯೇ ಬರೆದಿದ್ದಾರೆ. ವಿಮಾನ ನಿಲ್ದಾಣದಲ್ಲಿ ಕಾರ್ಡ್ ಕೇಳುವವರೂ ನಮ್ಮದೇ ಸರ್ಕಾರದ ಆರೋಗ್ಯಾಧಿಕಾರಿಗಳು. ಅವರ ಕೈಯಲ್ಲಿರುವುದು 2007ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ, 196 ದೇಶಗಳ ಕರಾರು. ಯಾವ ದೇಶಗಳಲ್ಲಿ ರೋಗದ ಅಪಾಯವಿದೆ, ಕಾರ್ಡಿನ ನಮೂನೆ ಹೇಗಿರಬೇಕು ಎನ್ನುವ ಲೆಕ್ಕವನ್ನು ಡಬ್ಲ್ಯುಎಚ್‌ಒ ಇಡುತ್ತದೆ. ದೇಶದೊಳಗೆ ಬರಲು ಲಸಿಕೆಯ ಪುರಾವೆ ಕೇಳಬಹುದು ಎಂದು ಆ ಕರಾರಿನಲ್ಲಿ ಹೆಸರು ಹಿಡಿದು ಹೇಳಿರುವುದು ಹಳದಿ ಜ್ವರ ಒಂದಕ್ಕೇ.

ಕರಾರು ಎರಡೂ ಕಡೆಯವರ ಕೈ ಕಟ್ಟುತ್ತದೆ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಕಾರ್ಡು ಸರಿಯಿದ್ದವರನ್ನು, ಅವರು ರೋಗ ಇರುವ ದೇಶದಿಂದಲೇ ಬಂದಿದ್ದರೂ, ಶಂಕಿತರೆಂದು ತಡೆಯುವಂತಿಲ್ಲ. ಕಾರ್ಡು ಇಲ್ಲದವರನ್ನೂ ಆರು ದಿನಕ್ಕಿಂತ ಹೆಚ್ಚು ಕ್ವಾರಂಟೈನ್‌ನಲ್ಲಿ ಇಡುವಂತಿಲ್ಲ. ಆರೇ ಯಾಕೆಂದರೆ, ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ದಿನ ಬೇಕು.

ಇನ್ನು ಹತ್ತು ದಿನದ ವಿಷಯ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ. ಲಸಿಕೆ ಹಾಕಿದ ದಿನದಿಂದ ಹತ್ತು ದಿನ ಕಳೆದ ಮೇಲಷ್ಟೇ ಕಾರ್ಡಿಗೆ ಜೀವ ಬರುತ್ತದೆ. ಕಚೇರಿಯವರು ಸತಾಯಿಸಲು ಇಟ್ಟ ಗಡುವಲ್ಲ ಅದು. ಹಾಕುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಅದು ಮೈಯಲ್ಲಿ ಬೆಳೆದು, ಮೈ ಅದನ್ನು ಗುರುತಿಸಿ, ಎದುರಿಸುವ ಶಕ್ತಿ ತಯಾರಾಗಲು ಹೆಚ್ಚಿನವರಿಗೆ ಅಷ್ಟು ದಿನ ಹಿಡಿಯುತ್ತದೆ. ಕಾರ್ಡಿನಲ್ಲಿ ಹಿಂದಿನ ತಾರೀಖು ಬರೆಯಬಹುದು, ರಕ್ತದಲ್ಲಿ ಬರೆಯುವುದು ಹೇಗೆ? ಹತ್ತು ದಿನ ಮತ್ತು ಹತ್ತು ವರ್ಷ ಎರಡನ್ನೂ ಕಲಸಿಕೊಳ್ಳುವವರೂ ಇದ್ದಾರೆ. ಹಿಂದೆ ಕಾರ್ಡಿಗೆ ಹತ್ತು ವರ್ಷದ ಆಯಸ್ಸಿತ್ತು. 2016ರ ಜುಲೈ 11ರಿಂದ ಅದು ಜೀವನಪರ್ಯಂತ. ಹಳೇ ಕಾರ್ಡಿಗೂ ಇದೇ ಅನ್ವಯ, ಬಿಸಾಕಬೇಡಿ.

ಆ ಕಾರ್ಡು ಬರೀ ಹೋಗುವವನಿಗಾಗಿ ಎಂದು ಜನ ತಿಳಿದಿದ್ದಾರೆ, ಅಷ್ಟೇ ಅಲ್ಲ. ಕಾರ್ಡಿನ ಅರ್ಧ ಕೆಲಸ ಅವನು ವಾಪಸು ಬಂದ ಮೇಲೆ. ಹಳದಿ ಜ್ವರವನ್ನು ಹರಡುವುದು ಡೆಂಗಿ ಹರಡುವ ಅದೇ ಈಡಿಸ್ ಸೊಳ್ಳೆ. ನಲ್ಲಿ ನೀರು ದಿನಾ ಬಾರದ ನಮ್ಮ ಓಣಿಗಳಲ್ಲಿ ಡ್ರಮ್ಮು, ಸಿಮೆಂಟ್ ತೊಟ್ಟಿ, ಹಿತ್ತಲಿನ ಹಳೇ ಟೈರು ಎಲ್ಲೆಲ್ಲೂ ಅದರ ಸಂಸಾರ ನಡೆದೇ ಇದೆ. ಸೊಳ್ಳೆ ಇದೆ, ಲಸಿಕೆ ಹಾಕಿಸಿಕೊಳ್ಳದ ಜನ ಇದ್ದಾರೆ, ವೈರಸ್ ಒಂದು ಬಂದಿಲ್ಲ. ಯಾಕೆ ಬಂದಿಲ್ಲ ಎಂಬುದಕ್ಕೆ ವಿಜ್ಞಾನಿಗಳು ಹಲವು ಕಾರಣ ಹೇಳುತ್ತಾರೆ, ಒಮ್ಮತವಿಲ್ಲ. ಬರಲಾರದು ಎಂದು ನಾನಂತೂ ಬರೆದುಕೊಡಲಾರೆ. 2016ರಲ್ಲಿ ಅಂಗೋಲಾದಲ್ಲಿ ರೋಗ ಹಬ್ಬಿದಾಗ ಅಲ್ಲಿಂದ ಮರಳಿದ 11 ಜನರಲ್ಲಿ ಚೀನಾ ಇದನ್ನು ಪತ್ತೆ ಹಚ್ಚಿತು. ಏಷ್ಯಾದಲ್ಲಿ ಅದೇ ಮೊದಲು. ಆಗ ಲಸಿಕೆಯ ದಾಸ್ತಾನು ಸಾಲದೆ, ಪಕ್ಕದ ಕಾಂಗೋದ ಕಿನ್ಶಾಸಾದಲ್ಲಿ ಡಬ್ಲ್ಯುಎಚ್‌ಒ ಸಲಹೆಯಂತೆ ಒಂದು ಡೋಸನ್ನು ಐದು ಜನಕ್ಕೆ ಹಂಚಿ ಹಾಕಿದರು. ಹಂಚಿ ಹಾಕುವಷ್ಟು ಅಭಾವವಿರುವ ಲಸಿಕೆಯನ್ನು "ಕಾರ್ಡ್ ಒಂದು ಕೊಡಿ ಸಾಕು" ಎನ್ನುತ್ತಾರಲ್ಲ, ಅಲ್ಲೇ ನನ್ನ ತಾಳ್ಮೆ ತಪ್ಪುವುದು.

ಈ ಜ್ವರದ ಭಯ ನಮ್ಮ ಸೀಮೆಗೆ ಹೊಸದೇನಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ, ಹಳದಿ ಜ್ವರ ಭಾರತಕ್ಕೆ ಬಂದೇಬಿಟ್ಟಿತೇ ಎಂದು ಬೆಚ್ಚಿದ್ದರು. ಆಫ್ರಿಕಾ, ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ರೋಗ ಮಂಗಗಳಲ್ಲೂ ಇರುತ್ತದೆ. ಹುಡುಕಲು ಬಂದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿ 1952ರಲ್ಲಿ ತೆರೆದ ಕೇಂದ್ರ. ಸಿಕ್ಕಿದ್ದು ಬೇರೆಯೇ ವೈರಸ್, ಉಣುಗುಗಳಿಂದ ಹರಡುವಂಥದು. ಮಲೆನಾಡಿನವರು ಅದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಪುಣೆಯಲ್ಲಿ ಅಂಥದೊಂದು ಪ್ರಯೋಗಾಲಯ ಇಲ್ಲದಿದ್ದರೆ ಇನ್ನೆಷ್ಟು ವರ್ಷ ಅದನ್ನು ಬರೀ "ಜ್ವರ" ಎಂದು ಬರೆದುಕೊಂಡಿರುತ್ತಿದ್ದೆವೋ.

ಕಾರ್ಡಿನ ಮರ್ಯಾದೆ ಬಲ್ಲವರನ್ನೂ ನೋಡಿದ್ದೇನೆ. ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಕಾಲೊನಿಗಳಿಂದ ಗಿಡಮೂಲಿಕೆ ಎಣ್ಣೆ ಮಾರಲು ಆಫ್ರಿಕಾದ ದೇಶಗಳಿಗೆ ಹೋಗಿಬರುವವರಿದ್ದಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಇವರೇ ಬಹಳ. ಸುಡಾನ್‌ನಿಂದ ಭಾರತಕ್ಕೆ ಕರೆತಂದವರಲ್ಲಿ ಲಸಿಕೆ ಹಾಕಿಸಿಕೊಳ್ಳದಿದ್ದ ಹಲವರು ಕ್ವಾರಂಟೈನ್‌ನಲ್ಲಿ ಕೂರಬೇಕಾಯಿತು. ಅದಾಗಿ ಕೆಲವು ತಿಂಗಳಿಗೆ ಆ ಕಾಲೊನಿಯ ಒಬ್ಬ ಹೆಣ್ಣುಮಗಳು ಮಂಡಿನೋವು ತೋರಿಸಲು ಬಂದಿದ್ದರು. ಚೀಟಿ ತೆಗೆಯಲು ಎಲೆಅಡಿಕೆ ಸಂಚಿ ಬಿಚ್ಚಿದರೆ, ಸುಣ್ಣದ ಡಬ್ಬಿಯ ಕೆಳಗೆ ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಹಳದಿ ಕಾರ್ಡು. ಮಡಿಕೆಯಲ್ಲಿ ಸವೆದಿತ್ತು. ಸೀಲು, ಸಹಿ, ಲಸಿಕೆಯ ಬ್ಯಾಚ್ ನಂಬರು ಎಲ್ಲ ಇದ್ದವು. ಓದಲು ಬರುವುದಿಲ್ಲ, ಆದರೆ ತಾರೀಖು ಬಾಯಲ್ಲಿತ್ತು. "ಪಾಸ್‌ಪೋರ್ಟ್ ಹೋದ್ರೆ ಇನ್ನೊಂದು ಕೊಡ್ತಾರಂತೆ ಸಾರ್, ಇದು ಹೋದ್ರೆ ಮತ್ತೆ ಸೂಜಿ ಚುಚ್ತಾರೆ" ಎಂದರು. ಮಂಡಿಗೆ ಬರೆದುಕೊಟ್ಟ ಮಾತ್ರೆ ನುಂಗಿದರೋ ಇಲ್ಲವೋ, ಮತ್ತೆ ಬರಲಿಲ್ಲ.

ಮತ್ತೆ ಅಪ್ಪ-ಮಗನ ಕತೆ. ಮಗ ಬುದ್ಧಿವಂತ. ಮೊಬೈಲ್ ತೆಗೆದು ಅಲ್ಲೇ ಟಿಕೆಟ್ ಹದಿನಾರು ದಿನ ಮುಂದಕ್ಕೆ ಹಾಕಿದ. ಅಪ್ಪ ಕಟ್ಟಿದ ದಂಡದ ದುಡ್ಡಿಗೆ ನನ್ನನ್ನೇ ಬೈದುಕೊಂಡಿರಬೇಕು. ಮೊದಲು ಕೇಂದ್ರಕ್ಕೆ ಫೋನ್ ಮಾಡಿ ದಿನ ಕೇಳಿಕೊಂಡು ಹೋಗಪ್ಪ ಎಂದೆ. ಒಂದು ಸೀಸೆಯಲ್ಲಿ ಹಲವು ಡೋಸ್ ಇರುತ್ತದೆ; ಒಮ್ಮೆ ಕಲಸಿದರೆ ಕೆಲವೇ ಗಂಟೆಗಳಲ್ಲಿ ಬಳಸಿ ಮುಗಿಸಬೇಕು. ಹಾಗಾಗಿ ವಾರದ ಗೊತ್ತಾದ ದಿನಗಳಂದು, ಜನ ಕೂಡಿಸಿ ಹಾಕುವುದು ವಾಡಿಕೆ.

ಹೋದ ತಿಂಗಳು ಅದೇ ಅಪ್ಪನ ಫೋನ್ ಬಂತು. ಮಗ ಕರೆಸಿಕೊಳ್ಳುತ್ತಿದ್ದಾನೆ, ಈ ಸಲ ಒಂದೂವರೆ ತಿಂಗಳು ಮುಂಚೆಯೇ ಕೇಳುತ್ತಿದ್ದೇನೆ ನೋಡ್ರಿ ಎಂದು ಜಂಬದಿಂದಲೇ ಹೇಳಿದರು. ವಯಸ್ಸೆಷ್ಟು ಎಂದೆ. ಅರವತ್ನಾಲ್ಕು. ಅರವತ್ತು ದಾಟಿದವರಿಗೆ ಮೊದಲ ಸಲ ಈ ಲಸಿಕೆ ಹಾಕುವಾಗ ಅಡ್ಡಪರಿಣಾಮದ ಅಪಾಯ ಸ್ವಲ್ಪ ಹೆಚ್ಚು; ಮೊಟ್ಟೆ ಒಗ್ಗದವರು, ಸ್ಟೀರಾಯ್ಡ್ ನುಂಗುವವರು, ಗರ್ಭಿಣಿಯರು ಕೂಡ ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಲಸಿಕೆ ಕೂಡದು ಎಂದು ವೈದ್ಯರ ಪತ್ರ ಒಯ್ಯಬಹುದು, ಒಪ್ಪುವುದು ಬಿಡುವುದು ಆ ದೇಶದವರ ಕೈಯಲ್ಲಿ. ಫೋನಿನಲ್ಲಿ ತೀರ್ಮಾನ ಮಾಡುವ ವಿಷಯ ಇದಲ್ಲ. ನುಂಗುವ ಮಾತ್ರೆ, ಹಳೇ ರಿಪೋರ್ಟ್ ಎಲ್ಲ ಹಿಡಿದುಕೊಂಡು ಸೋಮವಾರ ಬನ್ನಿ, ಷಟರ್ ಇಳಿಸುವ ಮುಂಚೆ ಎಂದಿದ್ದೇನೆ.