ಎಲ್. 627: ಲುಲು ಕಂಡಷ್ಟೇ ನಮಗೂ

ಫ್ರೆಂಚ್ ನಿರ್ದೇಶಕ ಬರ್ಟ್ರಾಂಡ್ ತವೆರ್ನಿಯೆ ಅವರ ‘ಎಲ್. 627’ (1992) ಚಿತ್ರದ ಸಹಜತಾವಾದವನ್ನು, ಅಂದರೆ ಬದುಕನ್ನು ಅಲಂಕರಿಸದೆ ಇದ್ದಂತೆಯೇ ತೋರಿಸುವ ರೀತಿಯನ್ನು, ವಿಶ್ಲೇಷಿಸಿ ಉತ್ತರ ಬರೆಯುವವರಿಗಾಗಿ ಈ ಟಿಪ್ಪಣಿ. ಕಥಾಸಾರಾಂಶವನ್ನು ಇಲ್ಲಿ ಬರೆದಿಲ್ಲ. ಪ್ಯಾರಿಸ್‌ನ ಮಾದಕ ವಸ್ತು ನಿಗ್ರಹ ದಳ, ಅದರಲ್ಲಿ ಹಟಮಾರಿ ಪೊಲೀಸ್ ಲುಲು (ಡಿಡಿಯೆ ಬೆಜಾಸ್), ಬೀದಿಬದಿಯ ಮಾರಾಟಗಾರರು. ಇಷ್ಟು ಗೊತ್ತಿದ್ದರೆ ಸಾಕು.

ಶೀರ್ಷಿಕೆ ಫ್ರಾನ್ಸಿನ ಸಾರ್ವಜನಿಕ ಆರೋಗ್ಯ ಸಂಹಿತೆಯ ಒಂದು ಕಲಂನ ಸಂಖ್ಯೆ. ಆಗ ಅಲ್ಲಿ ಮಾದಕ ವಸ್ತುಗಳ ಅಪರಾಧಗಳು ಆ ಸಂಹಿತೆಯ ಅಡಿಯಲ್ಲಿ ಬರುತ್ತಿದ್ದವು. ಕಳ್ಳಸಾಗಣೆ ದಂಡ ಸಂಹಿತೆಗೆ ಸೇರಿದ್ದು 1994ರಲ್ಲಿ ಹೊಸ ಸಂಹಿತೆ ಜಾರಿಗೆ ಬಂದಾಗ.

ಕಷ್ಟವಾಗುವುದು ‘ಸಹಜತಾವಾದ’ ಎಲ್ಲಿದೆ ಎಂದು ತೋರಿಸುವಾಗ. ಅಲುಗಾಡುವ ಕ್ಯಾಮೆರಾ, ಕೊಳಕು ಗೋಡೆ ಎಂದು ಬರೆದು ಮುಗಿಸಬೇಡಿ. ಅದು ಮೇಲಿನ ಪದರ ಮಾತ್ರ. ಚಿತ್ರ ನಮಗೆ ಏನನ್ನು ತಿಳಿಸಲು ಒಪ್ಪುವುದಿಲ್ಲ ಎಂಬುದನ್ನು ಗಮನಿಸಿ. ಹೊಂಚು ಹಾಕುವ ದೃಶ್ಯವನ್ನೇ ತೆಗೆದುಕೊಳ್ಳಿ. ಪೊಲೀಸರು ವ್ಯಾನಿನೊಳಗೆ ಅಡಗಿ ಕುಳಿತಿದ್ದಾರೆ. ಹೊರಗೆ ಜನ ನಿಲ್ಲುತ್ತಾರೆ, ಕೈ ತಾಗಿಸುತ್ತಾರೆ, ಹೊರಟುಹೋಗುತ್ತಾರೆ. ಯಾರು ಕೊಂಡರು, ಯಾರು ಸುಮ್ಮನೆ ಹಾದುಹೋದರು? ಸಾಮಾನ್ಯ ಥ್ರಿಲ್ಲರ್ ಆಗಿದ್ದರೆ ಮುಂದಿನ ಶಾಟ್‌ನಲ್ಲಿ ಮಾರಾಟಗಾರನ ಕೋಣೆ, ಮೇಜಿನ ಮೇಲೆ ಪೊಟ್ಟಣ ಕಾಣುತ್ತಿತ್ತು; ಪೊಲೀಸರಿಗಿಂತ ಮೊದಲೇ ನಮಗೆ ಎಲ್ಲವೂ ತಿಳಿಯುತ್ತಿತ್ತು. ಇಲ್ಲಿ ಆ ಶಾಟ್ ಬರುವುದೇ ಇಲ್ಲ. ಚಿತ್ರ ಬಹುತೇಕ ಲುಲುವಿನ ಬೆನ್ನು ಬಿಡುವುದಿಲ್ಲ. ಅವನ ಕಣ್ಣಿಗೆ ಬೀಳದ್ದು ನಮಗೂ ಇಲ್ಲ. ಹಾಗಾಗಿ ಪ್ರಕರಣಗಳು ನಡುವೆಯೇ ಕೈಬಿಟ್ಟುಹೋಗುತ್ತವೆ. ಇದನ್ನು ಚಿತ್ರಕಥೆಯ ದೋಷವೆಂದು ಬರೆದರೆ ಇಡೀ ವಿಶ್ಲೇಷಣೆ ಹಳಿ ತಪ್ಪುತ್ತದೆ. ಪೊಲೀಸನಿಗೂ ಪ್ರಕರಣದ ಕೊನೆ ಕಾಣುವುದು ಅಪರೂಪ. ತವೆರ್ನಿಯೆ ಜೊತೆ ಚಿತ್ರಕಥೆ ಬರೆದ ಮಿಶೆಲ್ ಅಲೆಕ್ಸಾಂದ್ರ್ ಸ್ವತಃ ಇದೇ ಕೆಲಸದಲ್ಲಿದ್ದ ಪೊಲೀಸ್.

ಯಾವ ದೃಶ್ಯದಲ್ಲಿ ತೊಡಕಾದರೂ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಇದನ್ನು ಲುಲು ಎಲ್ಲಿ ನಿಂತು ನೋಡುತ್ತಿದ್ದಾನೆ? ಉತ್ತರ ಸಿಕ್ಕರೆ ಆ ಶಾಟ್ ಅಷ್ಟು ದೂರದಿಂದ ಏಕಿದೆ, ಅಷ್ಟು ಹೊತ್ತು ಏಕೆ ನಿಲ್ಲುತ್ತದೆ ಎಂಬುದೂ ಬಿಡಿಸಿಕೊಳ್ಳುತ್ತದೆ.

ಕಚೇರಿಯ ವಿವರಗಳನ್ನೂ ಬಿಡಬೇಡಿ. ದಳಕ್ಕೆ ಸಿಕ್ಕಿರುವುದು ತಾತ್ಕಾಲಿಕ ಶೆಡ್ಡು. ಬೆರಳಚ್ಚು ಯಂತ್ರದ ಮುಂದೆ ವರದಿ ಕುಟ್ಟುವ ಹೊತ್ತಿಗೂ ಬಂಧನದಷ್ಟೇ ಜಾಗ ಸಿಗುತ್ತದೆ. ಲುಲು ಮೇಲುಸಂಪಾದನೆಗೆ ಮದುವೆಗಳ ವಿಡಿಯೊ ತೆಗೆಯುತ್ತಾನೆ. ಕೆಲಸದಲ್ಲೂ ಬಿಡುವಿನಲ್ಲೂ ಅವನ ಪಾಲಿಗೆ ಬಂದದ್ದು ನೋಡುವ ಕಾಯಕವೇ.

ಈ ದೃಷ್ಟಿಕೋನಕ್ಕೆ ಬೆಲೆಯೂ ಇದೆ, ಅದನ್ನು ಉತ್ತರದಲ್ಲಿ ಬರೆಯಲೇಬೇಕು. ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ವಲಸಿಗರು. ಅವರ ಮನೆ, ಹಸಿವು, ಭಯ ಯಾವುದೂ ವ್ಯಾನಿನ ಕಿಂಡಿಯಿಂದ ಕಾಣುವುದಿಲ್ಲ. ಮಾಹಿತಿದಾರಳಾದ ಸೆಸಿಲ್ ಇದಕ್ಕೆ ಹೊರತು. ವ್ಯಸನಿ, ವೇಶ್ಯೆ, ಎಚ್‌ಐವಿ ಸೋಂಕಿತೆಯಾದ ಅವಳಿಗೆ ಹೆಸರಿದೆ, ಮಾತಿದೆ, ಮುಖವನ್ನು ಹತ್ತಿರದಿಂದ ನೋಡುವ ಬಿಡುವೂ ಇದೆ. ಏಕೆಂದರೆ ಲುಲು ಅವಳ ಬಗ್ಗೆ ಮರುಗುತ್ತಾನೆ. ಅವಳ ದೃಶ್ಯಗಳನ್ನೂ ಬಂಧನದ ದೃಶ್ಯಗಳನ್ನೂ ಒಂದರ ಹಿಂದೊಂದು ನೋಡಿ, ಕ್ಯಾಮೆರಾ ಯಾರ ಹತ್ತಿರ ಹೋಗುತ್ತದೆ ಎಂದು ಗುರುತು ಹಾಕಿಕೊಳ್ಳಿ.