ಹತ್ತಿ ಹೋದ ದಾರಿಯಲ್ಲೇ ಕ್ಯಾಮೆರಾ ಹೋಗಲಿ

ಮುಚ್ಚಿದ ಕಾರ್ಖಾನೆಯ ಫೋಟೋ ಎಂದರೆ ಈಗ ಒಂದು ಅಚ್ಚು ಸಿದ್ಧವಾಗಿಬಿಟ್ಟಿದೆ. ತುಕ್ಕು ಹಿಡಿದ ಗಾಲಿ, ಒಡೆದ ಗಾಜು, ಗೋಡೆ ಸೀಳಿ ಎದ್ದ ಅರಳಿ ಗಿಡ, ತಗಡಿನ ತೂತಿನಿಂದ ಇಳಿದ ಬಿಸಿಲುಕೋಲು. ಚೆಂದ ಕಾಣುತ್ತವೆ, ಇಲ್ಲವೆನ್ನುವುದಿಲ್ಲ. ಆದರೆ ಅಂಥ ಫೋಟೋ ಎಷ್ಟು ನೋಡಿದರೂ ಅದು ಹತ್ತಿ ಗಿರಣಿಯೋ, ಎಣ್ಣೆ ಗಿರಣಿಯೋ, ಸಕ್ಕರೆ ಕಾರ್ಖಾನೆಯೋ ತಿಳಿಯುವುದಿಲ್ಲ. ಹಳೆಯ ಕೈಗಾರಿಕಾ ಕಟ್ಟಡಗಳನ್ನು ಕೆಡವುವ ಮುಂಚೆ ಚಿತ್ರಗಳಲ್ಲಿ ದಾಖಲಿಸುವುದು ನನ್ನ ಕಸುಬು. ಜೊತೆಗೆ ಬರುವ ಹೊಸಬರಿಗೆ ಮೊದಲು ಹೇಳುವ ಮಾತೊಂದೇ: ಒಳಗೆ ಮಾಲು ಯಾವ ದಾರಿಯಲ್ಲಿ ಹೋಗುತ್ತಿತ್ತೋ ಅದೇ ದಾರಿ ಹಿಡಿದು ನಡೆಯಿರಿ.

ನಮ್ಮ ಕಡೆ ಇದಕ್ಕೆ ಒಳ್ಳೆಯ ಪಾಠಶಾಲೆ ಎಂದರೆ ಹಳೆಯ ಜಿನ್ನಿಂಗ್ ಫ್ಯಾಕ್ಟರಿಗಳು, ಅಂದರೆ ಹತ್ತಿಯಿಂದ ಕಾಳು ಬಿಡಿಸುವ ಗಿರಣಿಗಳು. ಬೈಲಹೊಂಗಲ, ಬಾಗಲಕೋಟೆ, ವಿಜಯಪುರ ಎಲ್ಲವೂ ಹತ್ತಿ ಪೇಟೆಗಳೇ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹೋಟಗಿಯಿಂದ ಗದಗಿನವರೆಗೆ ಹಾಕಿದ ಹಳಿ ವಿಜಯಪುರ, ಬಾಗಲಕೋಟೆಗಳ ಮೇಲೆಯೇ ಹೋಯಿತು. ಅದಕ್ಕೂ ಮುಂಚೆ ಹತ್ತಿ ಗಾಡಿಗಳು ಘಟ್ಟ ಇಳಿದು ಕುಮಟೆಯ ಬಂದರಿಗೆ ಹೋಗುತ್ತಿದ್ದವು. ಹಳಿ ಬಂದ ಮೇಲೆ ಹತ್ತಿ ರೈಲಿಗೆ ಬಂತು. ಹೀಗಾಗಿ ಹಳೆಯ ಗಿರಣಿ ಹುಡುಕುವವರು ಮೊದಲು ಸ್ಟೇಷನ್ನಿನ ಸುತ್ತ ನೋಡಬೇಕು. 2000ದಲ್ಲಿ ಕೇಂದ್ರ ಸರ್ಕಾರದ ಹತ್ತಿ ತಂತ್ರಜ್ಞಾನ ಮಿಷನ್ ಶುರುವಾಗಿ ಗಿರಣಿಗಳ ಆಧುನೀಕರಣಕ್ಕೆ ನೆರವು ಸಿಕ್ಕಿತು. ಹೊಸ ಯಂತ್ರಕ್ಕೆ ಬದಲಾಗದೆ ಉಳಿದ ಹಳೆಯ ಗಿರಣಿಗೆ ಪೈಪೋಟಿ ಕಷ್ಟವೇ.

ದಾರಿ ಹಿಡಿಯುವುದು ಹೇಗೆ? ಇದಕ್ಕೆ ಕಾನೂನೇ ಒಂದು ಸುಳಿವು ಕೊಟ್ಟಿದೆ. 1925ರ ಹತ್ತಿ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆಗಳ ಕಾಯ್ದೆ, ಆಮೇಲೆ ಕಟ್ಟುವ ಜಿನ್ನು ಮನೆಗಳಲ್ಲಿ ಕಾಳು ತೆಗೆಯದ ಹತ್ತಿ ಒಳಬರಲು ಒಂದು ಬಾಗಿಲು, ಬಿಡಿಸಿದ ಅರಳೆ ಹೊರಹೋಗಲು ಬೇರೊಂದು ಬಾಗಿಲು ಇರಬೇಕು ಎಂದಿತು. ಕಲಬೆರಕೆ ತಪ್ಪಿಸಲು ಮಾಡಿದ ನಿಯಮ ಅದು. ನನಗಂತೂ ಅದು ಕಟ್ಟಡವನ್ನು ಓದುವ ಕೀಲಿಕೈ. ಒಳಬಾಗಿಲು ಯಾವುದು ಎಂದು ಗೊತ್ತಾದರೆ ಮೊದಲ ಫೋಟೋ ಎಲ್ಲಿ ನಿಂತು ತೆಗೆಯಬೇಕೆಂಬುದೂ ಗೊತ್ತಾದಂತೆ.

ಆಮೇಲೆ ಸುಲಭ. ಅಂಡಿಗೆ (ಹತ್ತಿ ತುಂಬಿದ ದೊಡ್ಡ ಚೀಲ) ಹೇರಿದ ಗಾಡಿ ನಿಲ್ಲುತ್ತಿದ್ದ ಅಂಗಳ, ತೂಕದ ಕಾಟಾ, ಹತ್ತಿ ಒಣಹಾಕುವ ಕಟ್ಟೆ, ಜಿನ್ನು ಮನೆ, ಅರಳೆಯನ್ನು ಒತ್ತಿ ಬೇಲು (ಬಿಗಿದ ಮೂಟೆ) ಕಟ್ಟುವ ಪ್ರೆಸ್ಸು, ಬೇಲು ಒಟ್ಟುವ ಗೋದಾಮು. ಒಂದೊಂದು ಹಂತದಲ್ಲೂ ಬಂದ ದಾರಿಯನ್ನು ಹಿಂದಿರುಗಿ ನೋಡಿ ಒಂದು ಚಿತ್ರ, ಮುಂದಿನ ದಾರಿಗೆ ಮುಖ ಮಾಡಿ ಇನ್ನೊಂದು. ಇಷ್ಟಾದರೆ ಸಾಲಾಗಿ ಇಟ್ಟ ಚಿತ್ರಗಳು ತಾವೇ ಕೆಲಸವನ್ನು ವಿವರಿಸುತ್ತವೆ.

ಜಿನ್ನು ಮನೆಯಲ್ಲಿ ಮಾತ್ರ ಅವಸರ ಬೇಡ. ಹಳೆಯ ಗಿರಣಿಗಳಲ್ಲಿ ಯಂತ್ರಗಳು ಸಾಮಾನ್ಯವಾಗಿ ಎತ್ತರದ ಕಟ್ಟೆಯ ಮೇಲೆ ಎದುರುಬದುರಾಗಿ ಎರಡು ಸಾಲು ನಿಂತಿರುತ್ತವೆ. ಕಟ್ಟೆಯ ಕೆಳಗೆ ಉದ್ದಕ್ಕೂ ಒಂದು ಶಾಫ್ಟು, ಅಂದರೆ ತಿರುಗುವ ಕಬ್ಬಿಣದ ದಂಡ. ಬೆಲ್ಟುಗಳ ಮೂಲಕ ಎಲ್ಲ ಯಂತ್ರಕ್ಕೂ ಅದೇ ಚಾಲನೆ. ಯಂತ್ರ 1840ರಲ್ಲಿ ಅಮೆರಿಕದ ಮೆಕಾರ್ಥಿ ಪೇಟೆಂಟ್ ಪಡೆದ ರೋಲರ್ ಜಿನ್ನಿನ ವಂಶದ್ದು. ತೊಗಲು ಹೊದಿಸಿದ ರೋಲರು ನಾರನ್ನು ಎಳೆಯುತ್ತದೆ, ಅದಕ್ಕೆ ಒತ್ತಿ ನಿಂತ ಚಾಕು ಕಾಳನ್ನು ತಡೆಯುತ್ತದೆ, ಮೇಲೆ ಕೆಳಗೆ ಆಡುವ ಇನ್ನೊಂದು ಪಟ್ಟಿ ಕಾಳನ್ನು ಬಡಿದು ಉದುರಿಸುತ್ತದೆ. ಈ ಮೂರೂ ಒಂದೇ ಚೌಕಟ್ಟಿನಲ್ಲಿ ಬರುವ ಕೋನ ಸಿಗುವವರೆಗೆ ನಾನು ಅಲ್ಲಿಂದ ಕದಲುವುದಿಲ್ಲ. ಯಂತ್ರ ಗುಜರಿಗೆ ಹೋಗಿದ್ದರೆ? ನೆಲದಲ್ಲಿ ಬೋಲ್ಟುಗಳು, ಬೆಲ್ಟು ಹಾಯುತ್ತಿದ್ದ ಸೀಳುಗಳು, ಎಣ್ಣೆಯ ಕಲೆ ಉಳಿದಿರುತ್ತವೆ. ಪಕ್ಕದಲ್ಲಿ ಒಂದು ಮೀಟರಿನ ಅಳತೆಪಟ್ಟಿ ಇಟ್ಟು ನೇರ ಮೇಲಿನಿಂದ ತೆಗೆದರೆ ಎಷ್ಟು ಯಂತ್ರವಿತ್ತು, ಎಷ್ಟು ಅಂತರದಲ್ಲಿತ್ತು ಎಂದು ಲೆಕ್ಕ ಹಾಕಬಹುದು.

ಪ್ರೆಸ್ಸಿನ ಕೋಣೆಯಲ್ಲಿ ಗೋಡೆ ನೋಡಿ. ಆ ಕಾಯ್ದೆಯ ಪ್ರಕಾರ ಪ್ರತಿ ಬೇಲಿನ ಮೇಲೂ ಆ ಕಾರ್ಖಾನೆಗೆ ಕೊಟ್ಟ ಗುರುತು ಒತ್ತಬೇಕಿತ್ತು. ಅಕ್ಷರ ಕೊರೆದ ತಗಡಿಗೆ ಬಣ್ಣ ಬಳಿದು ಬೇಲಿನ ಮೇಲೆ ಒತ್ತುವ ಮುನ್ನ ಗೋಡೆಯ ಮೇಲೆ ಯಾರೋ ಒಂದು ಸಲ ಒತ್ತಿ ನೋಡಿರುವ ಸಾಧ್ಯತೆ ಇದ್ದೇ ಇದೆ. 170 ಕಿಲೋ ತೂಗುವ ಬೇಲು ಎಂದೋ ಹೋಯಿತು, ಗುರುತು ಸಿಕ್ಕರೆ ಅದೇ ಲಾಭ.

ಶಕ್ತಿ ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ಬಿಡಬಾರದು. ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುತ್ತದೆ. 1885ರಲ್ಲಿ ಹುಟ್ಟಿದ ಅಲ್ಲಿನ ನೂಲಿನ ಗಿರಣಿಯ ಕಂಪನಿಯ ಹೆಸರಿನಲ್ಲೇ ಜಲಶಕ್ತಿ (‘ವಾಟರ್ ಪವರ್’) ಇತ್ತು. ಬಯಲುಸೀಮೆಯ ಜಿನ್ನಿಗೆ ಆ ಭಾಗ್ಯವಿಲ್ಲ. ಬಾಯ್ಲರು, ಅದಕ್ಕೊಂದು ಬಾವಿ. ನಂತರ ಎಣ್ಣೆ ಎಂಜಿನ್. ಎಂಜಿನ್ನಿನ ಮೇಲೆ ‘ರಸ್ಟನ್ ಅಂಡ್ ಹಾರ್ನ್ಸ್‌ಬಿ’ ಎಂಬ ಹೆಸರಿದ್ದರೆ ಅದು 1918ಕ್ಕಿಂತ ಹಿಂದಿನದಲ್ಲ, ಆ ಕಂಪನಿಗಳೆರಡು ಒಂದಾದದ್ದೇ ಆ ವರ್ಷ. ತೊಲೆಯ ಮೇಲೆ ಟಾಟಾ ಅಚ್ಚು ಕಂಡರೆ 1912ರ ಈಚಿನದು, ಜಮಶೇದಪುರದಲ್ಲಿ ಉಕ್ಕು ಬಂದದ್ದು ಆಗ. (ತೊಲೆ ಬೇರೆ ಕಟ್ಟಡದಿಂದ ತಂದದ್ದೂ ಇರಬಹುದು, ಅದೊಂದರ ಮೇಲೆ ತೀರ್ಪು ಕೊಡಬೇಡಿ.) ಉಬ್ಬಕ್ಷರ ಓದಲು ತುಕ್ಕು ಕೆರೆಯಬೇಕಿಲ್ಲ, ಟಾರ್ಚನ್ನು ಪಕ್ಕದಿಂದ, ತೊಲೆಗೆ ತಾಗಿಸಿ ಹಿಡಿದಂತೆ ಓರೆಯಾಗಿ ಬಿಟ್ಟರೆ ನೆರಳಿನಲ್ಲಿ ಅಕ್ಷರ ಎದ್ದು ಬರುತ್ತವೆ.

ಬೆಳಕಿನ ವಿಷಯಕ್ಕೆ ಒಂದು ಮಾತು. ನೂಲಿನ, ನೇಕಾರಿಕೆಯ ಹಳೆಯ ಶೆಡ್ಡುಗಳ ಚಾವಣಿ ಗರಗಸದ ಹಲ್ಲಿನಂತಿದ್ದು, ಗಾಜು ಉತ್ತರಕ್ಕೆ ಮುಖ ಮಾಡಿರುತ್ತದೆ. ಆ ಗಾಜಿನಿಂದ ನೇರ ಬಿಸಿಲು ಬರದೆ ದಿನವಿಡೀ ಒಂದೇ ಸಮನಾದ ಬೆಳಕು ಸಿಗುತ್ತದೆ ಎಂದು ಓದಿರುತ್ತೇವೆ. ಇಂಗ್ಲೆಂಡಿನ ಗಿರಣಿ ಸೀಮೆ ಲ್ಯಾಂಕಶೈರಿಗೆ ಅದು ಹೆಚ್ಚುಕಡಿಮೆ ಸರಿ. ಬಾಗಲಕೋಟೆ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಇಲ್ಲಿ ನಡುಹಗಲಿನ ಸೂರ್ಯನೇ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ನೆಲದ ಮೇಲೆ ಬಿಸಿಲಿನ ಪಟ್ಟೆ ಬೇಕೆನ್ನುವವರು ಮೇ ತಿಂಗಳ ಮಧ್ಯಾಹ್ನದ ಉರಿಯಲ್ಲೇ ಹೋಗಬೇಕು. ನನ್ನ ಆಯ್ಕೆ ಡಿಸೆಂಬರ್, ಜನವರಿ. ದಾಖಲೆಗೆ ಪಟ್ಟೆಗಿಂತ ಹದವಾದ ಬೆಳಕೇ ಬೇಕು. ಟ್ರೈಪಾಡ್, ಐಎಸ್‌ಒ 100 (ಬೆಳಕಿಗೆ ಸಂವೇದನೆ ಕಡಿಮೆ), ಎಫ್ 8 (ಲೆನ್ಸಿನ ಕಿಂಡಿ ನಡುಗಾತ್ರ), ಕ್ಯಾಮೆರಾ ಮಟ್ಟಸವಾಗಿ. ತೆರೆದ ಬಾಗಿಲು ಚೌಕಟ್ಟಿನಲ್ಲಿದ್ದರೆ ಬೇರೆಬೇರೆ ಎಕ್ಸ್‌ಪೋಷರಿನಲ್ಲಿ ಮೂರು ಚಿತ್ರ. ಫೋನಿನಲ್ಲೂ ಆಗುತ್ತದೆ, ಕಂಬ ವಾಲದಂತೆ ಹಿಡಿಯಬೇಕು ಅಷ್ಟೆ.

ಒಳಗಿನ ಅಪಾಯಗಳಲ್ಲಿ ನಾನು ಹೆಚ್ಚು ಅಂಜುವುದು ಪ್ರೆಸ್ಸಿನ ಗುಂಡಿಗೆ. ಹೈಡ್ರಾಲಿಕ್ ಪ್ರೆಸ್ಸಿನ ಕೊಳವೆ ನೆಲದಡಿ ಆಳಕ್ಕೆ ಇಳಿದಿರುತ್ತದೆ. ಯಂತ್ರ ಕಿತ್ತವರು ಗುಂಡಿಗೆ ಹಲಗೆ ಮುಚ್ಚಿ ಹೋಗಿರುತ್ತಾರೆ, ಹಲಗೆಯ ಮೇಲೆ ಧೂಳು ಕೂತರೆ ನೆಲಕ್ಕೂ ಅದಕ್ಕೂ ವ್ಯತ್ಯಾಸವೇ ಕಾಣದು. ಕೋಲಿನಿಂದ ಕುಟ್ಟಿ ಸದ್ದು ಕೇಳಿ ಹೆಜ್ಜೆ ಇಡಬೇಕು. ಒಡೆದ ಸಿಮೆಂಟು ಶೀಟು ಆಸ್ಬೆಸ್ಟಾಸ್ ಆಗಿರಬಹುದು, ತುಳಿಯಬೇಡಿ, ಗುಡಿಸಬೇಡಿ, ಒಳ್ಳೆಯ ಮಾಸ್ಕ್ ಹಾಕಿ. ಹತ್ತಿಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಗರ, ಕೊಳಕುಮಂಡಲ. ‘ಹುಳಾ ಅದಾವ್ರಿ ಸರ, ಕಾಲಾಗ ನೋಡ್ಕೊಂಡು ಹೋಗ್ರಿ’ ಎಂದು ಕಾವಲಿನವರು ಹೇಳಿದರೆ ಅದು ನಿಮ್ಮನ್ನು ಹೆದರಿಸಿ ಓಡಿಸುವ ಮಾತೆಂದು ತಿಳಿಯಬೇಡಿ. ಒಬ್ಬರೇ ಹೋಗಲೇಬೇಡಿ.

ಪಾಳುಬಿದ್ದ ಮಾತ್ರಕ್ಕೆ ಯಾವ ಗಿರಣಿಯೂ ವಾರಸುದಾರರಿಲ್ಲದ್ದಲ್ಲ. ಗೇಟಿಗೆ ಅಂಟಿಸಿದ ನೋಟಿಸು ಓದಿ: ಆಸ್ತಿ ಬ್ಯಾಂಕಿನ ಸ್ವಾಧೀನದಲ್ಲಿರಬಹುದು, ದಿವಾಳಿ ಕಂಪನಿಯ ಆಸ್ತಿ ವಿಲೇವಾರಿ ಮಾಡುವ ಲಿಕ್ವಿಡೇಟರ್ ಕೈಯಲ್ಲಿರಬಹುದು, ಅಣ್ಣತಮ್ಮಂದಿರ ವ್ಯಾಜ್ಯದಲ್ಲಿರಬಹುದು. ಅನುಮತಿ ಬರಹದಲ್ಲಿ ಬೇಕು. ಕಾವಲಿನವರ ಕೈಗೆ ನೂರು ರೂಪಾಯಿ ತುರುಕಿ ಒಳನುಗ್ಗುವವರಿಂದ ಕೆಲಸ ಹೋಗುವುದು ಅವರದು, ನಿಮ್ಮದಲ್ಲ. ಸರಿಯಾಗಿ ಕೇಳಿಕೊಂಡು ಹೋದರೆ ಇನ್ನೊಂದು ಲಾಭವಿದೆ. ಹಳೆಯ ಫಿಟ್ಟರ್ ಯಾರಿದ್ದಾರೆ, ಹಮಾಲರ ಮುಖಂಡರು ಎಲ್ಲಿದ್ದಾರೆ ಎಂದು ಮಾಲೀಕರೇ ಹೇಳುತ್ತಾರೆ. ಆ ಹಳಬರಿಗೆ ಚಿತ್ರ ತೋರಿಸಿ ಭಾಗಗಳ ಹೆಸರು ಬರೆಸಿಕೊಳ್ಳಿ.

ಹಂಚಿಕೊಳ್ಳುವಾಗ ಎಚ್ಚರ. ಮುಚ್ಚಿದ ಗಿರಣಿಯ ತಾಮ್ರ, ಹಿತ್ತಾಳೆಗೆ ಕಾದು ಕೂತವರೂ ನಿಮ್ಮ ಫೋಟೋ ನೋಡುತ್ತಾರೆ. ಫೋನಿನ ಲೊಕೇಷನ್ ಮೊದಲೇ ಆಫ್ ಮಾಡಿ. ಮಾಲೀಕರಿಗೆ ಕೊಡುವ ಪ್ರತಿಯಲ್ಲಿ ನಕ್ಷೆ, ಅಳತೆ ಎಲ್ಲ ಇರಲಿ. ಊರಿಗೆಲ್ಲ ತೋರಿಸುವ ಪ್ರತಿಗೆ ಜಿಲ್ಲೆಯ ಹೆಸರು ಸಾಕು.